ಮೂರು ಸಲ ತೊಳೆದ ಮಸಿ

ಒಂದು ಕಿಲೋ ಕಿತ್ತಳೆ ಕೊಂಡದ್ದೇ ತಪ್ಪಾಯಿತೆಂದು ಝಕರಿಯಾನಿಗೆ ಅನ್ನಿಸಿದ್ದು ಬಸ್ಸು ಬಂಟ್ವಾಳ ಪೇಟೆಯನ್ನು ದಾಟಿದ ಮೇಲೆ. ಬಿ.ಸಿ.ರೋಡಿನಲ್ಲಿ ಧರ್ಮಸ್ಥಳದ ಬಸ್ಸಿಗೆ ಕಾಯುತ್ತ ನಿಂತಾಗ, ಒಬ್ಬರ ಮನೆಗೆ ಮೊದಲ ಸಲ ಹೋಗುವವನು ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಹೊಳೆದು, ಗಾಡಿಯವನ ಹತ್ತಿರ ಚೌಕಾಸಿಯನ್ನೂ ಮಾಡದೆ ಕೊಂಡಿದ್ದ. ಈಗ ಅವು ತೊಡೆಯ ಮೇಲೆ ಕೂತು, ಇವನು ರೋಗಿಯನ್ನು ನೋಡಲು ಹೊರಟವನು ಎಂದು ಇಡೀ ಬಸ್ಸಿಗೆ ಸಾರುತ್ತಿದ್ದವು. ಪಕ್ಕದ ಸೀಟಿನ ಮುದುಕರು "ಯಾರು ಅಡ್ಮಿಟ್ಟು?" ಎಂದು ಕೇಳಿಯೂ ಆಗಿತ್ತು. "ಯಾರೂ ಇಲ್ಲ, ಚಾರ್ಮಾಡಿಗೆ ಹೋಗ್ತಿದ್ದೇನೆ. ಒಂದು ಸ್ಯಾಂಪಲ್ ತರ್ಲಿಕ್ಕುಂಟು" ಎಂದ. ಬೆಳಿಗ್ಗೆ ಹೆಂಡತಿ ಫಾಹಿಮಾಳಿಗೂ ಇದನ್ನೇ ಹೇಳಿದ್ದ. ಸ್ಯಾಂಪಲ್ ತರುವುದಕ್ಕೆ ಪ್ರೊಫೆಸರು ರಜೆ ಹಾಕಬೇಕಾ, ಲ್ಯಾಬಿನ ನಿತೇಶನನ್ನು ಕಳಿಸಿದರೆ ಸಾಲದಾ ಎಂದು ಅವಳು ಕೇಳಲಿಲ್ಲ. ಕೇಳದೆ ಅವನ ಮುಖವನ್ನು ಒಮ್ಮೆ ನೋಡಿ ದೋಸೆ ಮಗುಚಿದಳು. ಒಂದು ವಾರದಿಂದ ಅವಳು ಹಾಗೆ ನೋಡುತ್ತಿದ್ದಾಳೆ. ಸುಳ್ಳು ಹೇಳಿರಲಿಲ್ಲ, ಸ್ಯಾಂಪಲ್ ತರುವುದು ಇತ್ತು. ಆದರೆ ನಿಜವನ್ನು ಹೀಗೆ ಸಣ್ಣದಾಗಿ ಕತ್ತರಿಸಿ ಕೊಡುವ ಅಭ್ಯಾಸ ತನಗೆ ಯಾವಾಗಿನಿಂದ ಬಂತು ಎಂದು ಯೋಚಿಸುತ್ತ ಕಿತ್ತಳೆಯ ಚೀಲವನ್ನು ಕಾಲ ಬುಡಕ್ಕೆ ಇಳಿಸಿದ. ಬಸ್ಸು ತಿರುಗಿದಾಗ ಒಂದು ಹಣ್ಣು ಉರುಳಿ ಮುದುಕರ ಚಪ್ಪಲಿಗೆ ತಾಗಿತು. ಅವರು ಅದನ್ನು ಎತ್ತಿ ಪಂಚೆಗೆ ಒರೆಸಿ, ಜೋಪಾನವಾಗಿ ಚೀಲಕ್ಕೆ ಹಾಕಿ ಕೊಟ್ಟರು.

ಕಿಸೆಯಲ್ಲಿದ್ದ ಫೋನಿನಲ್ಲಿ ನಾಗಪುರದ ಪತ್ರ ಇತ್ತು. ಹತ್ತು ದಿನದ ಹಿಂದೆ ಬಂದದ್ದು. ಅಲ್ಲಿ ಸಂಶೋಧನೆ ಮಾಡುವ ಒಬ್ಬ ಹೆಂಗಸು ಬರೆದದ್ದು. ಪ್ರತಿ ವಾಕ್ಯಕ್ಕೂ ಕ್ಷಮೆ ಕೇಳುವ ಧಾಟಿಯ ಪತ್ರ. ನಿಮ್ಮ ಲೇಖನವನ್ನು ಓದಿದ್ದೇನೆ, ತೆಂಗಿನ ಚಿಪ್ಪಿನ ಇದ್ದಿಲಿನಲ್ಲಿ ನೀವು ಅಷ್ಟು ಸಪೂರದ ರಂಧ್ರಗಳನ್ನು ಬರಿಸಿದ ರೀತಿ ಅದ್ಭುತ, ನೀವು ಬರೆದಂತೆಯೇ ಇದ್ದಿಲನ್ನು ಮೂರು ಬಾರಿ ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿ, ನೀವು ಹೇಳಿದ ಶಾಖದಲ್ಲೇ ಕಾಯಿಸಿದೆ, ಆರು ಸಲ ಮಾಡಿದರೂ ನನಗೆ ಬರುತ್ತಿಲ್ಲ, ನನ್ನ ಕೈಯಲ್ಲೇ ಏನೋ ದೋಷ ಇರಬೇಕು, ದಯವಿಟ್ಟು ತಿದ್ದಿ. ಆ ಕೊನೆಯ ಮಾತಿಗೆ ಬಂದಾಗಲೆಲ್ಲ ಝಕರಿಯಾನ ಕಿವಿ ಬಿಸಿಯಾಗುತ್ತಿತ್ತು. ಮೂಡುಬಿದಿರೆಯ ಕಾಲೇಜಿನಲ್ಲಿ ಅವನು ಹೆಸರು ಮಾಡಿದ್ದು ಇದೊಂದು ಕೆಲಸದಿಂದ. ಗೋಬರ್ ಗ್ಯಾಸಿನಲ್ಲಿ ಉರಿಯುವ ಮೀಥೇನಿನ ಜೊತೆ ಉರಿಯದ ಇಂಗಾಲದ ಡೈಆಕ್ಸೈಡೂ ಬೆರೆತಿರುತ್ತದೆ. ಎರಡನ್ನೂ ಬೇರೆ ಮಾಡಿದರೆ ಸಗಣಿಯ ಅನಿಲದಲ್ಲಿ ಬಸ್ಸು ಓಡಿಸಬಹುದು. ಆದರೆ ಒಂದರ ಕಣಕ್ಕೂ ಇನ್ನೊಂದರ ಕಣಕ್ಕೂ ಗಾತ್ರದಲ್ಲಿ ಇರುವ ವ್ಯತ್ಯಾಸ ಒಂದು ನ್ಯಾನೋಮೀಟರಿನ ಇಪ್ಪತ್ತನೇ ಒಂದು ಪಾಲು. ಕರು ನುಗ್ಗುವ ಬೇಲಿಯ ಕಂಡಿಯಲ್ಲಿ ದನ ನುಗ್ಗದ ಹಾಗೆ, ಸಣ್ಣದನ್ನು ಒಳಗೆ ಬಿಟ್ಟುಕೊಂಡು ಹಿಡಿದಿಟ್ಟು ದೊಡ್ಡದನ್ನು ಹೊರಗೇ ಕಳಿಸುವಷ್ಟು ಅಳತೆಯ ರಂಧ್ರಗಳು ಇದ್ದಿಲಿನ ಒಳಗೆ ಬರಬೇಕು. ಝಕರಿಯಾನ ಇದ್ದಿಲಿನಲ್ಲಿ ಬಂದವು. ಶಾಖವನ್ನು ಏರಿಸಿ ಇಳಿಸುವ ತನ್ನ ಲೆಕ್ಕಾಚಾರದಿಂದ ಬಂದವು ಎಂದು ಅವನು ಬರೆದ. ಕಾಯಿಸುವ ಮೊದಲು ಇದ್ದಿಲನ್ನು ಮೂರು ಬಾರಿ ತೊಳೆಯಲಾಯಿತು ಎಂದೂ ಬರೆದ. ತೊಳೆದಿರಲಿಲ್ಲ. ಎಲ್ಲರೂ ತೊಳೆಯುತ್ತಾರೆ, ಎಲ್ಲರ ಲೇಖನದಲ್ಲಿಯೂ ಆ ವಾಕ್ಯ ಇರುತ್ತದೆ. ಅವನು ಅದನ್ನು ತನ್ನದೇ ಹಳೆಯ ಪ್ರಬಂಧದಿಂದ ಎತ್ತಿ ಅಂಟಿಸಿದ್ದ. ಆ ತಿಂಗಳು ಲ್ಯಾಬಿನಲ್ಲಿ ಶುದ್ಧ ನೀರು ಮಾಡುವ ಯಂತ್ರ ಕೆಟ್ಟಿತ್ತು, ಅಷ್ಟೇ.

ಪುಂಜಾಲಕಟ್ಟೆಯಲ್ಲಿ ಕಾಲೇಜಿನ ಹುಡುಗಿಯರ ಹಿಂಡು ಹತ್ತಿತು. ಒಬ್ಬಳ ಬ್ಯಾಗು ಭುಜಕ್ಕೆ ಒರಗಿದಾಗ ಝಕರಿಯಾ ಕಿಟಕಿಗೆ ಸರಿದ. ತೊಳೆಯುವುದು ಎಂದರೆ ಅವನಿಗೆ ಮೊದಲಿನಿಂದಲೂ ಒಂದು ಅಳುಕು. ಹದಿನೈದು ವರ್ಷದ ಹಿಂದೆ, ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ಗೈಡು ಅವನ ಸ್ಯಾಂಪಲಿನ ಬಾಟಲಿಯನ್ನು ಬೆಳಕಿಗೆ ಹಿಡಿದು, ಬುಡದಲ್ಲಿ ಕೂತ ಕೆಸರನ್ನು ಎಲ್ಲರಿಗೂ ತೋರಿಸಿ, "ನಿಮ್ಮಲ್ಲಿ ತೊಳೆಯುವ ಪದ್ಧತಿ ಇಲ್ಲವಾ?" ಎಂದು ಕೇಳಿದ್ದರು. ನಾಲ್ಕು ಜನ ನಕ್ಕಿದ್ದರು. ನಿಮ್ಮಲ್ಲಿ ಎಂದರೆ ನಿಮ್ಮ ಲ್ಯಾಬಿನಲ್ಲೋ, ನಿಮ್ಮ ಊರಿನಲ್ಲೋ, ನಿಮ್ಮ ಜನರಲ್ಲೋ ಎಂದು ಅವನು ಹಾಸ್ಟೆಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಎರಡು ದಿನ ಯೋಚಿಸಿದ್ದ. ದಿನಕ್ಕೆ ಐದು ಬಾರಿ ಕೈಕಾಲು ತೊಳೆಯುವ ಮನೆಯಿಂದ ಬಂದವನು. ಹಾಗೆ ಕೇಳಿಸಿಕೊಂಡ ಮಾತು ಒಳಗೆ ಎಲ್ಲೋ ಕೂತಿರುತ್ತದೆ, ಮತ್ತು ಕೂತಲ್ಲಿ ಸುಮ್ಮನೆ ಇರುವುದಿಲ್ಲ. ಕಳೆದ ಜನವರಿಯಲ್ಲಿ, ಸರಿಯಾಗಿ ಒಂದು ವರ್ಷದ ಹಿಂದೆ, ಅದೇ ಮಾತು ಅಕ್ಷರ ಬಿಡದೆ ಅವನ ಬಾಯಿಯಿಂದ ಹೊರಗೆ ಬಂದಿತ್ತು.

ಆವತ್ತು ಮಂಗಳೂರಿನ ಒಂದು ಗ್ಯಾಸ್ ಕಂಪನಿಯಿಂದ ಇಬ್ಬರು ಬಂದಿದ್ದರು. ಪ್ರಾಂಶುಪಾಲರು ಇದ್ದರು, ವಿಭಾಗದ ಮುಖ್ಯಸ್ಥೆ ರುಕಿಯಾ ಮೇಡಂ ಇದ್ದರು. ನಿತೇಶ್ ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿ ಸ್ವಿಚ್ಚಿನ ಹತ್ತಿರ ನಿಂತಿದ್ದ. ಝಕರಿಯಾ ಕರುವಿನ ಮತ್ತು ದನದ ಕತೆಯನ್ನು ಹೇಳಿ ಎಲ್ಲರನ್ನೂ ನಗಿಸಿದ್ದ. ಅಷ್ಟರಲ್ಲಿ ಬಾಗಿಲಿನಲ್ಲಿ ಅಣ್ಣು ಕಾಣಿಸಿಕೊಂಡ. ಚಾರ್ಮಾಡಿಯ ಹತ್ತಿರ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವವನು. ಗೆರಟೆ ಮಸಿ ಎಂದೇ ಅದಕ್ಕೆ ಊರಿನಲ್ಲಿ ಹೆಸರು. ಲ್ಯಾಬಿಗೆ ಎರಡು ವರ್ಷದಿಂದ ಮಸಿ ಅವನದೇ. ಎರಡು ಬಸ್ಸು ಬದಲಿಸಿ, ಹೆಗಲಲ್ಲಿ ಗೋಣಿ ಹೊತ್ತು, ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದ. ಗೋಣಿ ಇಳಿಸಿದ ರಭಸಕ್ಕೆ ಅದರ ಎಳೆಗಳ ನಡುವಿನಿಂದ ಬೂದು ಬಣ್ಣದ ಬೂದಿ ಹಾರಿ, ಬಿಳಿ ಟೈಲ್ಸಿನ ಮೇಲೂ ಕಂಪನಿಯವರೊಬ್ಬರ ಬೂಟಿನ ಮೇಲೂ ಕೂತಿತು. ಅಣ್ಣು ತುಳುವಿನಲ್ಲಿ ಏನೋ ಹೇಳತೊಡಗಿದ. ಝಕರಿಯಾ ಕನ್ನಡದಲ್ಲಿ ತಡೆದ. "ಇದೆಂಥ ಕಸ ತಂದು ಹಾಕಿದ್ದು? ಬೂದಿಯನ್ನೂ ತೂಕಕ್ಕೆ ಸೇರಿಸ್ತೀರಾ? ನಿಮ್ಮಲ್ಲಿ ತೊಳೆಯುವ ಪದ್ಧತಿ ಇಲ್ವಾ?" ಹೇಳಿ ಮುಗಿಯುವ ಮೊದಲೇ ಆ ಮಾತು ಯಾರದ್ದೆಂದು ಅವನಿಗೆ ಗೊತ್ತಾಯಿತು. ಗೊತ್ತಾದರೂ ಮುಖ ಗಂಟು ಬಿಡಲಿಲ್ಲ, ಏಕೆಂದರೆ ಬೂಟಿನವರು ನಕ್ಕಿದ್ದರು, ತನ್ನ ಪರವಾಗಿ ನಕ್ಕಿದ್ದರು. ಅಣ್ಣು ಹೆಗಲ ಮೇಲಿದ್ದ ಬೈರಾಸನ್ನು ತೆಗೆದು ಮೊಣಕಾಲೂರಿ ನೆಲ ಒರೆಸಿದ. ಬೂಟಿನ ಹತ್ತಿರ ಬಂದಾಗ ಒರೆಸಲೋ ಬೇಡವೋ ಎಂದು ತಿಳಿಯದೆ, ಬಟ್ಟೆ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಝಕರಿಯಾನ ಕಡೆ ನೋಡಿದ. ಝಕರಿಯಾ ಯಂತ್ರದ ಮೀಟರನ್ನು ನೋಡಿದ.

ಮುಂದಿನ ಸಲದಿಂದ ಮಸಿ ತೊಳೆದು ಬಂತು. ಮಿರಮಿರ ಮಿಂಚುವ, ಮುಟ್ಟಿದರೆ ಕೈಗೆ ಹತ್ತದ ಮಸಿ. ನಿತೇಶ್ ಕೂಡ "ಸರ್, ಮದುವೆಗೆ ಹೊರಟ ಹಾಗೆ ಉಂಟು" ಎಂದು ತಮಾಷೆ ಮಾಡಿದ. ಆ ಮಸಿಯಿಂದ ಮಾಡಿದ ಒಂದು ಸ್ಯಾಂಪಲೂ ಸರಿ ಬರಲಿಲ್ಲ. ರಂಧ್ರಗಳು ಅಗಲಗಲ, ಕರುವೂ ನುಗ್ಗುತ್ತಿತ್ತು, ದನವೂ ನುಗ್ಗುತ್ತಿತ್ತು. ಝಕರಿಯಾ ಮೊದಲು ಕುಲುಮೆಯನ್ನು ಬೈದ, ಆಮೇಲೆ ಕರೆಂಟನ್ನು. ನಾಲ್ಕನೆಯ ಗೋಣಿಯೂ ಕೈಕೊಟ್ಟಾಗ, ಪೂರೈಕೆದಾರನು ಹಳಸಲು ಚಿಪ್ಪು ಬೆರೆಸುತ್ತಿರುವುದರಿಂದ ಇನ್ನು ಮುಂದೆ ಅವನಿಂದ ತರಿಸಬಾರದು ಎಂದು ಒಂದು ಟಿಪ್ಪಣಿ ಬರೆದು ಸಹಿ ಹಾಕಿದ. ಕಂಪನಿಯವರಿಗೂ ಅದನ್ನೇ ಹೇಳಿದ. ನಾಗಪುರದ ಪತ್ರ ಬಂದ ಮೇಲೆ ಉಗ್ರಾಣದ ಮೂಲೆಯಲ್ಲಿ ಒಂದು ಹಳೆಯ ಗೋಣಿಯ ತಳದಲ್ಲಿ ಎರಡು ಬೊಗಸೆ ಬೂದಿ ಮೆತ್ತಿದ ಮಸಿ ಸಿಕ್ಕಿತು. ಅದನ್ನು ಕಾಯಿಸಿ ನೋಡಿದರೆ, ಅದೇ ಹಳೆಯ, ಸಪೂರ, ಅಳತೆ ಹಿಡಿದಂತಹ ರಂಧ್ರಗಳು. ಒಂದು ಚಿಟಿಕೆ ಬೂದಿಯನ್ನು ತಂತಿಯ ತುದಿಯಲ್ಲಿ ಜ್ವಾಲೆಗೆ ಹಿಡಿದು ನೀಲಿ ಗಾಜಿನಲ್ಲಿ ನೋಡಿದ. ನಸುನೇರಳೆ. ಪೊಟ್ಯಾಸಿಯಂ. ಮೊದಲ ವರ್ಷದ ಬಿ.ಎಸ್ಸಿ. ಮಕ್ಕಳು ಮಾಡುವ ಪರೀಕ್ಷೆ. ಮಸಿಗೆ ಮೆತ್ತಿದ್ದ ಬೂದಿಯ ಪೊಟ್ಯಾಸಿಯಂ ಒಳಗೆ ಇಳಿದು, ಕುಲುಮೆಯಲ್ಲಿ ಕಾದಾಗ ಒಳಗೊಳಗೇ ಕೊರೆದು ಆ ರಂಧ್ರಗಳನ್ನು ಮಾಡಿತ್ತು. ಶಾಖದ ಲೆಕ್ಕಾಚಾರ ಬರೀ ನೆಪ. ತಾನು ಯಾವುದನ್ನು ಕಸ ಎಂದನೋ ಅದೇ ಕೆಲಸ ಮಾಡಿತ್ತು. ತಾನು ಯಾರನ್ನು ಕಳ್ಳ ಎಂದು ಬರೆದನೋ ಅವನು ಬೈಗುಳ ತಿಂದು ತೊಳೆದು ತಂದ. ಯಾರನ್ನು ನೋಡಿಯೇ ಇಲ್ಲವೋ ಆ ಹೆಂಗಸು ತನ್ನ ಸುಳ್ಳು ವಾಕ್ಯವನ್ನು ನಂಬಿ ಮೂರು ಸಲ ತೊಳೆದಳು. ಜ್ವಾಲೆ ಆರಿಸಿ, ನೀಲಿ ಗಾಜನ್ನು ಕಪಾಟಿಗೆ ಇಟ್ಟು, ನಿತೇಶ್ ನೋಡಿದನೋ ಎಂದು ಝಕರಿಯಾ ತಿರುಗಿ ನೋಡಿದ್ದ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಬೆಳ್ತಂಗಡಿಯಲ್ಲಿ ಮುದುಕರು "ಬೇಗ ಗುಣ ಆಗ್ಲಿ" ಎಂದು ಹೇಳಿ ಇಳಿದರು. ಉಜಿರೆಯಲ್ಲಿ ಅವನೂ ಇಳಿದು ಚಾರ್ಮಾಡಿಯ ಬಸ್ಸು ಹಿಡಿದ. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸುತ್ತ ಬಂದ. ಕನ್ನಡದಲ್ಲಿ ಜೋಡಿಸಿದರೆ ಅದು ಕಚೇರಿಯ ಪತ್ರದಂತೆ ಕೇಳುತ್ತಿತ್ತು: ನನ್ನ ಕಡೆಯಿಂದ ಒಂದು ತಪ್ಪು ಆಗಿದೆ. ತುಳುವಿನಲ್ಲಿ ಜೋಡಿಸಿದರೆ ಮೊದಲ ಪದದಲ್ಲೇ ನಿಲ್ಲುತ್ತಿತ್ತು. ಆವತ್ತು ಅಣ್ಣು ತುಳುವಿನಲ್ಲಿ ಬಾಯಿ ತೆರೆದಾಗ ಕನ್ನಡದಲ್ಲಿ ಬಾಯಿ ಮುಚ್ಚಿಸಿದವನು, ಇವತ್ತು ಕೆಲಸವಾಗಬೇಕು ಎಂದು ತುಳುವಿಗೆ ಇಳಿದರೆ ಅದಕ್ಕಿಂತ ನಾಚಿಕೆಗೇಡು ಉಂಟಾ? ಶನಿವಾರ ಕಂಪನಿಯವರು ಮತ್ತೆ ಬರುತ್ತಾರೆ. ಅಷ್ಟರಲ್ಲಿ ಬೂದಿಯ ಮಸಿ ಒಂದು ಗೋಣಿ ಸಿಕ್ಕಿದರೆ ಪ್ರಯೋಗ ಮತ್ತೆ ಗೆಲ್ಲುತ್ತದೆ. ನಾಗಪುರಕ್ಕೆ, ಒಂದು ಸಣ್ಣ ಹಂತ ಬಿಟ್ಟುಹೋಗಿತ್ತು, ತೊಳೆದ ಮೇಲೆ ಪೊಟ್ಯಾಸಿಯಂ ಲವಣದಲ್ಲಿ ನೆನೆಸಿ ಎಂದು ಬರೆದರೆ ಅಲ್ಲಿಗೆ ಮುಗಿಯಿತು. ಅಣ್ಣು ಎಂಬ ಹೆಸರು ಯಾವ ಕಾಗದದಲ್ಲೂ ಬೇಕಾಗಿಲ್ಲ. ಇಷ್ಟು ಚೊಕ್ಕವಾಗಿ ಯೋಚಿಸಬಲ್ಲೆನಲ್ಲ ಎಂದು ಅವನಿಗೆ ಹೇಸಿಗೆಯಾಯಿತು. ಆದರೂ ಆ ಯೋಚನೆಯನ್ನು ಎಸೆಯಲಿಲ್ಲ.

ಕಕ್ಕಿಂಜೆ ದಾಟಿ, ಕಂಡಕ್ಟರ್ ತೋರಿಸಿದ ಅಂಗಡಿಯ ಪಕ್ಕದಲ್ಲಿ ಮಣ್ಣಿನ ದಾರಿ ಹಿಡಿದು ಇಳಿದರೆ, ತೋಡಿನ ಬದಿಯಲ್ಲಿ ಸಿಮೆಂಟು ಶೀಟಿನ ಮನೆ. ಅಂಗಳದ ತುಂಬ ಹಳೆಯ ಫ್ಲೆಕ್ಸುಗಳನ್ನು ಹಾಸಿ ಮಸಿ ಒಣಹಾಕಿದ್ದರು. ಯಾರದೋ ಚುನಾವಣೆಯ ಮುಖದ ಮೇಲೆ, ಯಾವುದೋ ಬಟ್ಟೆಯಂಗಡಿಯ ಮದುಮಗಳ ಮೇಲೆ ತೊಳೆದ ಮಸಿ ಸಾಲಾಗಿ ಹೊಳೆಯುತ್ತಿತ್ತು. ಅಣ್ಣು ತಿರುಗಿ ನೋಡಿದವನೇ ಮಡಚಿ ಕಟ್ಟಿದ ಲುಂಗಿಯನ್ನು ಕೆಳಗೆ ಬಿಟ್ಟು ಓಡಿ ಬಂದ.

"ಅಯ್ಯೋ ಸರ್! ನೀವೇ ಬಂದದ್ದಾ? ಒಂದು ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ. ಪ್ರೇಮಾ, ಕುರ್ಚಿ ತಾ. ಮೂಡುಬಿದಿರೆಯ ಸರ್ ಬಂದಿದ್ದಾರೆ."

ಒಳಗಿನಿಂದ ಅಣ್ಣುವಿನ ಹೆಂಡತಿ ಪ್ರೇಮಾವತಿ ಕುರ್ಚಿ ತಂದು, ಸೆರಗಿನಿಂದ ಒರೆಸಿ, ಮತ್ತೊಮ್ಮೆ ಒರೆಸಿ ಇಟ್ಟಳು. ಝಕರಿಯಾ ಕಿತ್ತಳೆಯ ಚೀಲವನ್ನು ಜಗಲಿಯ ಅಂಚಿಗೆ ಇಟ್ಟು ಕೂತ. ಇದು ನಿಮಗೆ ಎಂದು ಹೇಳಲು ಬಾಯಿ ಬರಲಿಲ್ಲ. ಅಣ್ಣು ಒಂದು ಹಿಡಿ ಮಸಿಯನ್ನು ತಂದು ಅವನ ಅಂಗೈಗೆ ಸುರಿದ. "ನೋಡಿ ಸರ್. ಒಂದು ಚಿಟಿಕೆ ಬೂದಿ ಉಂಟಾ ನೋಡಿ. ಈಗ ನಾನು ಎಲ್ಲರಿಗೂ ಹೀಗೇ ಕೊಡೋದು. ಇಸ್ತ್ರಿಯ ಮೊಯಿದಿನಬ್ಬ ಹೇಳ್ತಾರೆ, ನಿನ್ನ ಮಸಿಯಲ್ಲಿ ಇಸ್ತ್ರಿ ಮಾಡಿದ್ರೆ ಬಿಳಿ ಅಂಗಿಗೂ ಹೆದರಿಕೆ ಇಲ್ಲ ಅಂತ. ಎಲ್ಲ ನಿಮ್ಮಿಂದ ಸರ್. ನಂಗೆ ಗೊತ್ತೇ ಇರ್ಲಿಲ್ಲ ನೋಡಿ, ಮಸಿಯನ್ನೂ ತೊಳೆಯುವುದುಂಟು ಅಂತ."

ವ್ಯಂಗ್ಯ ಇದೆಯಾ ಎಂದು ಝಕರಿಯಾ ಆ ಮುಖವನ್ನು ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. "ಮೊದಲು ಬೂದಿ ಹಾಕ್ತಿದ್ರಲ್ಲ, ಅದು ಯಾವ ಬೂದಿ?" ಎಂದು ಕೇಳಿದ, ಸಹಜವಾಗಿ ಕೇಳುವವನಂತೆ.

ಅಣ್ಣುವಿನ ಮುಖ ಸಣ್ಣದಾಯಿತು. "ಅದನ್ನು ಈಗ ಬಿಟ್ಟಿದ್ದೇನೆ ಸರ್. ಕೊಕ್ಕೋ ಸಿಪ್ಪೆದು. ಬೀಜ ತೆಗೆದು ಸಿಪ್ಪೆಯನ್ನು ತೋಟದವರು ರಾಶಿ ಹಾಕ್ತಾರಲ್ಲ, ಅದನ್ನು ತಂದು ಸುಡುವುದು. ಗುಂಡಿಯಲ್ಲಿ ಗೆರಟೆ ಕೆಂಡ ಆಯ್ತಾ, ಮೇಲಿಂದ ಮಣ್ಣು ಮುಚ್ಚಿದ್ರೆ ಒಣಗಿ ಬಿರಿತದೆ, ಗಾಳಿ ಹೋಗಿ ಅರ್ಧ ಮಸಿ ಬೂದಿಯಾಗ್ತದೆ. ಈ ಬೂದಿಯನ್ನು ನೀರಲ್ಲಿ ಕಲಸಿದ್ರೆ ದೋಸೆ ಹಿಟ್ಟಿನ ಹಾಗೆ ಕೂತ್ಕೊಳ್ತದೆ. ಒಂದು ಬಿರುಕು ಬರೋದಿಲ್ಲ. ನನ್ನದೇ ಮಂಡೆಗೆ ಹೊಳೆದದ್ದು ಅದು. ಕಳ್ಳತನಕ್ಕೆ ಹಾಕಿದ್ದಲ್ಲ ಸರ್, ತೂಕಕ್ಕೆ ಅಂತ ಹಾಕಿದ್ದಲ್ಲ." ಕೊನೆಯ ಮಾತನ್ನು ಅವನು ಅಂಗಳದ ಕಡೆ ನೋಡಿ ಹೇಳಿದ. ಈಗ ಹೇಳಬೇಕು ಎಂದು ಝಕರಿಯಾನಿಗೆ ಅನ್ನಿಸಿತು. ಇದಕ್ಕಿಂತ ಒಳ್ಳೆಯ ಕ್ಷಣ ಬರುವುದಿಲ್ಲ. ಅಂಗೈಯಲ್ಲಿದ್ದ ಮಸಿ ಬೆವರಿಗೆ ಒದ್ದೆಯಾಗಿತ್ತು, ಆದರೂ ಒಂದಿಷ್ಟೂ ಬಣ್ಣ ಬಿಡಲಿಲ್ಲ. ಪ್ರೇಮಾವತಿ ಹಾಲಿಲ್ಲದ ಕಟ್ಟಂಚಾಯ ತಂದು ಕೊಟ್ಟಳು. ಲೋಟ ಹಿಡಿದ ಅವಳ ಬೆರಳುಗಳ ಸಂದಿಯಲ್ಲಿ ಚರ್ಮ ಬಿಳಿಚಿ ಸುಲಿದಿತ್ತು, ಉಗುರಿನ ಬುಡದಲ್ಲಿ ಕಪ್ಪು ಬಿರುಕುಗಳು. ಅವನು ಲೋಟ ತೆಗೆದುಕೊಂಡು, "ಅಂಥ ಬೂದಿಯ ಮಸಿ ಈಗ ಸ್ವಲ್ಪ ಸಿಗಬಹುದಾ? ಬೇರೆ ಒಂದು ಪ್ರಯೋಗಕ್ಕೆ ಬೇಕಿತ್ತು" ಎಂದ. ಬೇರೆ ಪ್ರಯೋಗ. ಆ ಎರಡು ಪದ ಎಷ್ಟು ಸಲೀಸಾಗಿ ಬಂದವೆಂದರೆ, ಅವನ್ನು ಉಜಿರೆಯಿಂದಲೇ ಬಾಯಿಯಲ್ಲಿ ಇಟ್ಟುಕೊಂಡು ಬಂದಿದ್ದನೆಂದು ಅವನಿಗೆ ಆಗ ತಿಳಿಯಿತು.

ಅಣ್ಣು ಹೆಂಡತಿಯನ್ನು ನೋಡಿದ. ಅವಳು ಲೋಟದ ತಟ್ಟೆಯನ್ನು ನೋಡಿದಳು. "ಹಳೆಯದು ಒಂದು ಗೋಣಿ ಉಂಟು ಸರ್. ಮಾರ್ಲಿಕ್ಕೆ ಆಗ್ಲಿಲ್ಲ, ಬಚ್ಚಲಿನ ಒಲೆಗೆ ಅಂತ ಇಟ್ಟದ್ದು. ನೀವು ಕೇಳಿದ ಮೇಲೆ ಇಲ್ಲ ಅನ್ಲಿಕ್ಕಾಗ್ತದಾ? ತೆಕ್ಕೊಂಡು ಹೋಗಿ. ಆದ್ರೆ ಒಂದು ಮಾತು. ಅದು ನನ್ನದು ಅಂತ ಅಲ್ಲಿ ಯಾರಿಗೂ ಹೇಳ್ಬೇಡಿ. ನನ್ನ ಹೆಸರು ಎಲ್ಲಿಯೂ ಬರುವುದು ಬೇಡ ಸರ್. ಒಮ್ಮೆ ಆದದ್ದು ಸಾಕು."

ಝಕರಿಯಾನ ಎದೆಯಿಂದ ಏನೋ ಇಳಿಯಿತು. ಅದು ಇಳಿದದ್ದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು, ಬಿಗಿದ ಬೂಟಿನ ದಾರ ಸಡಿಲಿಸಿದಾಗ ಗೊತ್ತಾಗುವ ಹಾಗೆ. ಕೇಳದೆಯೇ ಸಿಕ್ಕಿತು. ಹೆಸರು ಹೇಳಬೇಡಿ ಎಂದು ಅವನೇ ಹೇಳಿದ್ದಾನೆ, ಇನ್ನು ಹೇಳಿದರೆ ಅವನ ಮಾತನ್ನು ಮೀರಿದ ಹಾಗೆ. "ಆಯ್ತು ಅಣ್ಣು, ಹೇಳೋದಿಲ್ಲ" ಎಂದು ಬಾಯಿ ಹೇಳಿತು, ಅದೂ ಉಪಕಾರ ಮಾಡುವವನ ದನಿಯಲ್ಲಿ. ಅಣ್ಣು ಗೋಣಿಯನ್ನು ಹೊತ್ತು ರಸ್ತೆಯವರೆಗೆ ಬರುತ್ತೇನೆಂದು ಹಟ ಹಿಡಿದ. ಬೇಡ ಎಂದು ಝಕರಿಯಾ ತಾನೇ ಹೊತ್ತುಕೊಂಡು ಹೊರಟ. ಏರುದಾರಿಯಲ್ಲಿ ಬೂದಿ ಕುತ್ತಿಗೆಗೆ, ಅಂಗಿಯ ಕಾಲರಿಗೆ ಇಳಿಯುತ್ತಿತ್ತು. ಹೊತ್ತದ್ದಕ್ಕೆ ಸ್ವಲ್ಪ ಸಮಾಧಾನವಾಗುತ್ತಿದೆ ಎಂದು ಗೊತ್ತಾದಾಗ ಅದೂ ಅಸಹ್ಯವಾಯಿತು. ಹನ್ನೆರಡು ಕಿಲೋ ಮಸಿ ಹೊತ್ತು ತೀರಿಸುವಂಥದ್ದೇ ಇದು?

ಬಸ್‌ಸ್ಟಾಪಿನಲ್ಲಿ ಗೋಣಿ ಇಳಿಸಿ, ಎದುರಿನ ಘಾಟಿಯ ಬೆಟ್ಟ ನೋಡುತ್ತ ನಿಂತಾಗ ಹಿಂದಿನಿಂದ "ಸರ್, ಸರ್" ಎಂದು ಕೂಗು ಕೇಳಿತು. ಪ್ರೇಮಾವತಿ ಏದುಸಿರು ಬಿಡುತ್ತ ಬರುತ್ತಿದ್ದಳು. ಕೈಯಲ್ಲಿ ಕಿತ್ತಳೆಯ ಚೀಲ.

"ಮರೆತು ಬಿಟ್ಟು ಬಂದಿದ್ದೀರಿ ಸರ್. ಮನೆಗೆ ಮಕ್ಕಳಿಗೆ ಕೊಂಡದ್ದೋ ಏನೋ."

ಅವನು ಕೈ ಚಾಚಲಿಲ್ಲ. ಚೀಲ ಹಿಡಿದ ಬೆರಳುಗಳ ಸಂದಿಯ ಬಿಳಿ ಚರ್ಮವನ್ನೇ ನೋಡಿದ. "ನಿಮಗೆ ತಂದದ್ದು" ಎಂದ. ಆಮೇಲೆ, "ಕೈ ಯಾಕೆ ಹೀಗಾಗಿದೆ?" ಎಂದು ಕೇಳಿದ, ಗೊತ್ತಿದ್ದೂ.

"ತೋಡಿನ ನೀರಿಗೆ ಸರ್. ಸುಡೋದು ಅವರು, ತೊಳೆಯೋದು ನಾನು. ಮೂರು ಸಲ ತೊಳೀಬೇಕು ಅಂತ ಅವರದ್ದೊಂದು ಲೆಕ್ಕ. ಎರಡೇ ಸಲ ಸಾಕು ಅಂದ್ರೆ ಕೇಳೋದಿಲ್ಲ." ಅವಳು ಕೈಯನ್ನು ಸೆರಗಿನ ಒಳಗೆ ಮಾಡಿದಳು.

ಮೂರು ಸಲ. ತನ್ನ ಲೇಖನವನ್ನು ಓದದ ಮನುಷ್ಯ ಆ ಸಂಖ್ಯೆಯನ್ನು ಎಲ್ಲಿಂದ ತಂದ? ನಿತೇಶನೇ ಹೇಳಿರಬೇಕು, ಸರ್ ಬರೆದದ್ದು ಹೀಗೆ ಎಂದು. ಝಕರಿಯಾನಿಗೆ ತಾನು ಮಾತಾಡುತ್ತಿದ್ದೇನೆಂದು ತಿಳಿದದ್ದು ಅರ್ಧ ಮಾತಾಡಿದ ಮೇಲೆ. ತುಳುವಿನಲ್ಲಿಯೇ ಮಾತಾಡುತ್ತಿದ್ದ. ಬೂದಿ ಕಸ ಅಲ್ಲ, ಅದರಿಂದಲೇ ನನ್ನ ಕೆಲಸ ಆದದ್ದು, ನನಗೆ ಅದು ಗೊತ್ತಿರಲಿಲ್ಲ, ಗೊತ್ತಿಲ್ಲದೆ ಬೈದೆ, ತೊಳೆದ ಮೇಲೆ ಎಲ್ಲ ಹಾಳಾಯಿತು, ಅದಕ್ಕೂ ಅವರನ್ನೇ ದೂರಿ ಕಾಗದ ಬರೆದೆ, ಹಳಸಲು ಚಿಪ್ಪು ಹಾಕುತ್ತಾರೆ ಎಂದು ಬರೆದೆ. ತೊಳೆಯುವುದು ಬೇಡವೇ ಇತ್ತು. ಈಗ ಕೇಳಿದ್ದೂ ಬೇರೆ ಪ್ರಯೋಗಕ್ಕಲ್ಲ.

ಪ್ರೇಮಾವತಿ ಅವನನ್ನು ನೋಡುತ್ತಲೇ ಇದ್ದಳು. ಅಳಬಹುದು, ಬೈಯಬಹುದು, ಹೋಗಲಿ ಬಿಡಿ ಎನ್ನಬಹುದು ಎಂದು ಅವನು ಕಾದ. ಹೋಗಲಿ ಬಿಡಿ ಎನ್ನಲಿ ಎಂದು ಒಳಗೇ ಬೇಡಿಕೊಂಡ. ಅವಳು ಚೀಲವನ್ನು ಗೋಣಿಯ ಮೇಲೆ ಇಟ್ಟು, ತುಳುವಿಗೆ ತುಳು ಸೇರಿಸದೆ, ಕನ್ನಡದಲ್ಲಿಯೇ ನಿಧಾನವಾಗಿ ಹೇಳಿದಳು.

"ಆ ದಿನ ಅಲ್ಲಿ ಆರು ಜನ ಇದ್ರಂತೆ ಸರ್. ಅವರು ಊಟಕ್ಕೆ ಕೂತಾಗ ಈಗಲೂ ಹೇಳ್ತಾರೆ. ಬೈದದ್ದನ್ನು ಹೇಳೋದಿಲ್ಲ. ಆರು ಜನ ಇದ್ರು ಪ್ರೇಮಾ, ಅಂತ ಅಷ್ಟೇ ಹೇಳೋದು."

"ಐದು" ಎಂದು ಹೇಳಹೊರಟು ಝಕರಿಯಾ ತಡೆದುಕೊಂಡ. ಕಂಪನಿಯ ಇಬ್ಬರು, ಪ್ರಾಂಶುಪಾಲರು, ಮೇಡಂ, ನಿತೇಶ್. ಅಣ್ಣು ಝಕರಿಯಾನನ್ನೂ ಸೇರಿಸಿ ಎಣಿಸಿದ್ದ.

"ನನಗೆ ಇಲ್ಲಿ ರಸ್ತೆ ಬದಿಯಲ್ಲಿ ಹೇಳಿ ಎಂತ ಪ್ರಯೋಜನ? ಅಷ್ಟು ಜನರ ಎದುರು ಹೇಳಿದ್ದಲ್ವಾ, ಇದನ್ನೂ ಅವರಿಗೆ ಹೇಳಿ."

"ಅಣ್ಣು ತನ್ನ ಹೆಸರು ಬೇಡ ಅಂದಿದ್ದಾರೆ."

"ಕಸ ಅಂತ ಹೇಳುವಾಗ ಹೆಸರು ಬೇಡ. ಇದಕ್ಕೆ ಬೇಕು." ಅವಳು ಮನೆಯ ದಾರಿಯ ಕಡೆ ನೋಡಿ ಹೇಳಿದಳು, "ಅವರ ಹತ್ರ ನಾನು ಮಾತಾಡ್ತೇನೆ."

ಘಾಟಿಯ ಕಡೆಯಿಂದ ಬಸ್ಸಿನ ಹಾರನ್ನು ಕೇಳಿತು. ಶನಿವಾರ ಎಲ್ಲರೂ ಸೇರುತ್ತಾರೆ, ಶನಿವಾರ ಹೇಳುತ್ತೇನೆ ಎಂದು ಮಾತು ಕೊಡಬಹುದಿತ್ತು. ಶನಿವಾರಕ್ಕೆ ಇನ್ನೂ ಎರಡು ದಿನ, ಎರಡು ದಿನದಲ್ಲಿ ತನ್ನ ಮನಸ್ಸು ಈ ಮಾತನ್ನು ಎಷ್ಟು ಸಲ ತೊಳೆದು ಎಷ್ಟು ಚೊಕ್ಕ ಮಾಡುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ಫೋನ್ ತೆಗೆದ. ಬೆರಳು ನಿತೇಶನ ಹೆಸರನ್ನು ಒತ್ತಿತು. ರಿಂಗಾಗುವ ಮೊದಲೇ ಕಡಿದ. ಆರರಲ್ಲಿ ಎಲ್ಲರಿಗಿಂತ ಸಣ್ಣವನನ್ನೇ ಮೊದಲು ಆರಿಸಿದ್ದ, ಆವತ್ತೂ ಎಲ್ಲರಿಗಿಂತ ಸಣ್ಣವನನ್ನೇ ಆರಿಸಿದ ಹಾಗೆ. ರುಕಿಯಾ ಮೇಡಂನ ನಂಬರು ಒತ್ತಿದ. ಪ್ರೇಮಾವತಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ. ಬಸ್ಸು ಬಂದು ನಿಂತು, ಕಂಡಕ್ಟರ್ "ಉಜಿರೆ, ಬೆಳ್ತಂಗಡಿ, ಹತ್ತಿ ಹತ್ತಿ" ಎಂದು ಕೂಗಿ, ಇವರು ಅಲ್ಲಾಡದ್ದನ್ನು ಕಂಡು ಸೀಟಿ ಊದಿದ. ಬಸ್ಸು ಹೋಯಿತು.

"ಹೇಳಿ ಝಕರಿಯಾ, ಇವತ್ತು ರಜೆಯಲ್ವಾ?"

"ಮೇಡಂ, ಒಂದು ವಿಷಯ ಹೇಳ್ಲಿಕ್ಕುಂಟು. ಅಣ್ಣು ಅವರ ವಿಷಯ."

ಆಚೆಯಿಂದ ಕಾಗದ ಮಗುಚುವ ಸದ್ದು ಕೇಳಿತು. ಮೇಡಂ ನೆನಪು ಮಾಡಿಕೊಳ್ಳಲು ನೋಡುತ್ತಿದ್ದರು, ಪ್ರಾಮಾಣಿಕವಾಗಿಯೇ ನೋಡುತ್ತಿದ್ದರು.

"ಯಾವ ಅಣ್ಣು?"

ಝಕರಿಯಾ ಕಣ್ಣೆತ್ತಿದ. ಪ್ರೇಮಾವತಿಗೆ ಕೇಳಿಸಿತ್ತು. ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಬೂದಿಯ ಗೋಣಿಯ ಪಕ್ಕದಲ್ಲಿ, ರಸ್ತೆಯ ಬದಿಯ ಕಲ್ಲಿನ ಮೇಲೆ ಅವಳು ಕೂತುಕೊಂಡಳು, ಹೊತ್ತಾಗುತ್ತದೆಂದು ಗೊತ್ತಿರುವವರು ಕೂತುಕೊಳ್ಳುವ ಹಾಗೆ.

"ಮೊದಲಿಂದ ಹೇಳಿ ಸರ್" ಎಂದಳು.